ಪ್ರಾಸ್ಟೇಟ್ ದೊಡ್ಡದಾದಾಗ ಮೂತ್ರಕೋಶ ಯಾಕೆ ಹಟ ಹಿಡಿಯುತ್ತದೆ?

ಇಡೀ ರಾತ್ರಿಯ ಯಕ್ಷಗಾನದ ಆಟಕ್ಕೆ ಹೋಗುವ ಅರವತ್ತು ದಾಟಿದ ಗಂಡಸರಲ್ಲಿ ಎಷ್ಟೋ ಮಂದಿ ಈಗ ರಂಗಸ್ಥಳದ ಎದುರು ಸಾಲಿನಲ್ಲಿ ಕೂರುವುದಿಲ್ಲ. ಬದಿಯ ಕುರ್ಚಿ ಹುಡುಕುತ್ತಾರೆ, ಯಾರಿಗೂ ಅಡ್ಡವಾಗದೆ ಎದ್ದು ಹೋಗಿ ಬರಬಹುದಲ್ಲ. ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸು ಹತ್ತುವ ಮೊದಲು ಒಮ್ಮೆ ಮೂತ್ರಕ್ಕೆ ಹೋಗುತ್ತಾರೆ, ಅಲ್ಲಿನ ಜ್ಯೋತಿ ಸ್ಟಾಪಿನಲ್ಲಿ ಇಳಿದ ಕೂಡಲೇ ಮತ್ತೊಮ್ಮೆ. ಬೆಂಗಳೂರಿನ ಮಗಳ ಮನೆಗೆ ಹೋಗುವುದಾದರೆ ರಾತ್ರಿ ಬಸ್ಸು ಬೇಡ, ಶೌಚಾಲಯ ಇರುವ ರೈಲೇ ಆಗಬೇಕು. ಕೇಳಿದರೆ ಉತ್ತರ ಒಂದೇ: "ಎಂತ ಮಾಡುದು ಮಾರಾಯ್ರೆ, ಪ್ರಾಯ ಆಯ್ತಲ್ಲ."

ಪ್ರಾಯ ಆದದ್ದು ನಿಜ. ಆದರೆ ರಾತ್ರಿ ನಾಲ್ಕು ಸಲ ಏಳುವುದು, ಬಚ್ಚಲು ಮುಟ್ಟುವುದರೊಳಗೆ ಒಂದೆರಡು ಹನಿ ಜಾರಿ ಹೋಗುವುದು, ಅರ್ಧ ಗಂಟೆಗೊಮ್ಮೆ ಅವಸರವಾಗುವುದು, ಇವನ್ನೆಲ್ಲ ಪ್ರಾಯದ ಲೆಕ್ಕಕ್ಕೆ ಬರೆದು ಸುಮ್ಮನಿರಬೇಕಾಗಿಲ್ಲ. ಇದಕ್ಕೆ ಕಾರಣಗಳಿವೆ, ಹೆಚ್ಚಿನವಕ್ಕೆ ಪರಿಹಾರವೂ ಇದೆ. ತೊಡಕಾಗುವುದು ಬೇರೆ ಕಡೆ. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಪ್ರಾಸ್ಟೇಟ್ ಇಷ್ಟು ಗ್ರಾಂ ಎಂದು ಬರೆದಿರುತ್ತದೆ, ಮನೆಯವರೆಲ್ಲರ ಕಣ್ಣು ಆ ಸಂಖ್ಯೆಯ ಮೇಲೇ ನಿಲ್ಲುತ್ತದೆ. ಪಕ್ಕದ ಮನೆಯವರದ್ದು 40, ನಮ್ಮದು 55, ಹಾಗಾದರೆ ನಮ್ಮದು ಜೋರು ಎಂದು ಹೆದರಿಕೆ ಶುರು. ತೊಂದರೆಯನ್ನು ಅಳೆಯಲು ಆ ಸಂಖ್ಯೆ ಬಹಳ ಕಡಿಮೆ ಉಪಯೋಗದ್ದು. ನಿದ್ದೆಗೆಡಿಸುತ್ತಿರುವುದು ಹೆಚ್ಚಾಗಿ ಮೂತ್ರಕೋಶ. ಚಿಕಿತ್ಸೆ ನಿರ್ಧಾರವಾಗಬೇಕಾದದ್ದು ನಿಮಗೆ ಯಾವುದು ಎಷ್ಟು ಕಾಟ ಕೊಡುತ್ತಿದೆ ಎಂಬುದರ ಮೇಲೆ.

ಪ್ರಾಸ್ಟೇಟ್ ಗಂಡಸರಿಗೆ ಮಾತ್ರ ಇರುವ ಗ್ರಂಥಿ. ಮೂತ್ರಕೋಶದ ಬುಡದಲ್ಲಿ, ಗುದನಾಳದ ಎದುರಿಗೆ ಇರುತ್ತದೆ. ಯೌವನದಲ್ಲಿ ಸುಮಾರು 20 ಗ್ರಾಂ, ಸಿಪ್ಪೆ ಸುಲಿಯದ ಸಣ್ಣ ಅಡಿಕೆಯಷ್ಟು. ವೀರ್ಯದ ದ್ರವದಲ್ಲಿ ಒಂದು ಪಾಲನ್ನು ತಯಾರಿಸುವುದು ಅದರ ಕೆಲಸ. ಮೂತ್ರಕೋಶದಿಂದ ಹೊರಗೆ ಬರುವ ನಾಳ ಈ ಗ್ರಂಥಿಯ ನಟ್ಟನಡುವಿನಿಂದ ಹಾದು ಹೋಗುತ್ತದೆ, ಎಲ್ಲ ತಾಪತ್ರಯದ ಮೂಲ ಅದು. ನಲ್ವತ್ತರ ನಂತರ ನಾಳವನ್ನು ಸುತ್ತಿಕೊಂಡಿರುವ ಒಳಭಾಗ ನಿಧಾನಕ್ಕೆ ಬೆಳೆಯತೊಡಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಐವತ್ತರಿಂದ ಅರವತ್ತರ ನಡುವಿನ ಗಂಡಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ, ಎಂಬತ್ತು ದಾಟಿದವರಲ್ಲಿ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಮಂದಿಗೆ ಈ ಬೆಳವಣಿಗೆ ಕಾಣುತ್ತದೆ. ಇದು ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರ್ ಆಗಿ ಬದಲಾಗುವಂಥದ್ದೂ ಅಲ್ಲ. ಪ್ರಾಸ್ಟೇಟ್ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಗ್ರಂಥಿಯ ಹೊರಭಾಗದಲ್ಲಿ. ಒಬ್ಬರಿಗೇ ಎರಡೂ ಇರಬಹುದು, ಹಾಗಾಗಿ ಪರೀಕ್ಷೆ ಬೇಕು. ಒಂದರಿಂದ ಇನ್ನೊಂದು ಬರುತ್ತದೆ ಎಂಬ ಭಯ ಬೇಡ.

ಬೆಳೆದ ಗ್ರಂಥಿ ಹೊರಮುಖವಾಗಿ ಹಿಗ್ಗಿದರೆ 90 ಗ್ರಾಂ ಆದರೂ ಮೂತ್ರ ಸರಾಗವಾಗಿ ಹೋಗಬಹುದು. ಒಳಮುಖವಾಗಿ ನಾಳವನ್ನು ಒತ್ತಿದರೆ, ಇಲ್ಲವೇ ಅದರ ಒಂದು ತುಂಡು ಮೂತ್ರಕೋಶದ ಬಾಯಿಗೇ ಅಡ್ಡ ನಿಂತರೆ, 30 ಗ್ರಾಂ ಸಾಕು ದಾರಿ ಮುಚ್ಚಲು. ಗ್ರಂಥಿಯೊಳಗೆ ಮತ್ತು ಮೂತ್ರಕೋಶದ ಕತ್ತಿನಲ್ಲಿ ನಮ್ಮ ಹಿಡಿತಕ್ಕೆ ಸಿಗದ ಸ್ನಾಯುಗಳೂ ಇವೆ. ಅವು ಬಿಗಿಯಾದರೂ ದಾರಿ ಕಿರಿದಾಗುತ್ತದೆ. ಗ್ರಾಂ ಲೆಕ್ಕ ಹಾಕಿ ನೆರೆಯವರೊಂದಿಗೆ ಹೋಲಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ ಎಂದದ್ದು ಇದಕ್ಕೆ.

ಎರಡು ಬಗೆಯ ತೊಂದರೆ

ವೈದ್ಯರು ಈ ತೊಂದರೆಗಳನ್ನು ಎರಡು ಗುಂಪು ಮಾಡುತ್ತಾರೆ. ಒಂದು, ಮೂತ್ರ ಹೊರಗೆ ಹೋಗುವಾಗಿನದ್ದು. ನಿಂತು ಕಾಯಬೇಕು, ಧಾರೆ ಸಣ್ಣ, ನಡುವೆ ನಿಂತು ನಿಂತು ಬರುತ್ತದೆ, ತಿಣುಕಬೇಕು, ಮುಗಿದ ಮೇಲೂ ಇನ್ನೂ ಉಳಿದಂತೆ ಅನಿಸುತ್ತದೆ. ಇನ್ನೊಂದು, ಮೂತ್ರಕೋಶ ತುಂಬುವಾಗಿನದ್ದು. ಪದೇ ಪದೇ ಹೋಗಬೇಕೆನಿಸುವುದು, ಬಂತೆಂದರೆ ತಡೆಯಲಾಗದ ಅವಸರ, ರಾತ್ರಿ ಏಳುವುದು, ಅವಸರದಲ್ಲಿ ಬಟ್ಟೆ ಒದ್ದೆಯಾಗುವುದು.

ಮೊದಲನೆಯದು ದಾರಿ ಕಿರಿದಾದುದರ ನೇರ ಪರಿಣಾಮ, ಅರ್ಥವಾಗುತ್ತದೆ. ಬದುಕನ್ನು ಹೆಚ್ಚು ಹೈರಾಣು ಮಾಡುವುದು ಎರಡನೆಯದು. ಧಾರೆ ಸಣ್ಣಗಾದರೆ ಒಂದು ನಿಮಿಷ ಹೆಚ್ಚು ನಿಲ್ಲಬಹುದು, ಅಷ್ಟೆ. ಮದುವೆ ಹಾಲಿನಲ್ಲಿ ಊಟದ ಪಂಕ್ತಿಯ ನಡುವೆ ಅವಸರವಾದರೆ ಎಲ್ಲಿಗೆ ಹೋಗುವುದು? ಅದಕ್ಕೆ ಹೆದರಿ ಹಲವರು ಮದುವೆಗೇ ಹೋಗುವುದನ್ನು ಬಿಡುತ್ತಾರೆ.

ಮೂತ್ರಕೋಶದ ಗೋಡೆ ಸ್ನಾಯುವಿನದ್ದು. ಆರೋಗ್ಯವಂತರಲ್ಲಿ ಅದು 300ರಿಂದ 500 ಮಿಲಿಲೀಟರ್‌ವರೆಗೆ ಹಿಗ್ಗಿ ಸುಮ್ಮನೆ ಕಾಯುತ್ತದೆ, ಹೋಗಲು ನಾವು ನಿರ್ಧರಿಸಿದಾಗ ಮಾತ್ರ ಹಿಂಡುತ್ತದೆ. ದಾರಿ ಕಿರಿದಾದಾಗ ಪ್ರತಿ ಸಲವೂ ಹೆಚ್ಚು ಬಲ ಹಾಕಿ ಹಿಂಡಬೇಕಾಗುತ್ತದೆ. ವರ್ಷಗಟ್ಟಲೆ ಹೀಗೆ ದುಡಿದ ಸ್ನಾಯು ದಪ್ಪವಾಗುತ್ತದೆ, ಅದರ ನರಗಳು ಅತಿಯಾಗಿ ಚುರುಕಾಗುತ್ತವೆ. ಆಮೇಲೆ ಅದಕ್ಕೆ ಕಾಯುವ ತಾಳ್ಮೆ ಇರುವುದಿಲ್ಲ, ಅರ್ಧ ತುಂಬುವ ಮೊದಲೇ ತಾನಾಗಿ ಹಿಂಡತೊಡಗುತ್ತದೆ. ನಮಗೆ ಅದೇ ತಡೆಯಲಾಗದ ಅವಸರ. ಕೆಲವರಲ್ಲಿ ಇನ್ನೂ ಮುಂದೆ ಹೋಗಿ ಸ್ನಾಯು ಸೋತು ಸಡಿಲವಾಗುತ್ತದೆ. ಆಗ ಮೂತ್ರ ಪೂರ್ತಿ ಖಾಲಿಯಾಗದೆ ಒಳಗೇ ನಿಲ್ಲುತ್ತದೆ.

ಪ್ರಾಯವಾದ ಗಂಡಸರ ಮೂತ್ರಕೋಶದ ಎಲ್ಲ ಅವಸರಕ್ಕೂ ಪ್ರಾಸ್ಟೇಟ್ ಕಾರಣ ಎಂದು ಇದರಿಂದ ತಿಳಿಯಬೇಡಿ. ಪ್ರಾಸ್ಟೇಟ್ ಇಲ್ಲದ ಹೆಂಗಸರಿಗೂ ಇದೇ ಅವಸರ ಬರುತ್ತದೆ. ಸಕ್ಕರೆ ಕಾಯಿಲೆ, ಪಾರ್ಶ್ವವಾಯು, ಪಾರ್ಕಿನ್ಸನ್ ಕಾಯಿಲೆ, ಮೂತ್ರದ ಸೋಂಕು, ಮೂತ್ರಕೋಶದ ಕಲ್ಲು, ಮಲಬದ್ಧತೆ, ಇವೆಲ್ಲ ಇದೇ ವೇಷ ಹಾಕಿ ಬರಬಲ್ಲವು.

ಮೂರು ದಿನದ ಲೆಕ್ಕ

ಇವುಗಳಲ್ಲಿ ನಿಮ್ಮದು ಯಾವುದು ಎಂದು ತಿಳಿಯಲು ಖರ್ಚಿಲ್ಲದ, ಆದರೆ ಬಹಳ ಮಂದಿ ಮಾಡದ ಒಂದು ಪರೀಕ್ಷೆ ಇದೆ. ಅಳತೆಯ ಗೆರೆ ಇರುವ ಪ್ಲಾಸ್ಟಿಕ್ ಜಗ್ ಒಂದನ್ನು ಬಚ್ಚಲಲ್ಲಿಡಿ. ಮೂರು ದಿನ, ಪ್ರತಿ ಸಲ ಮೂತ್ರ ಮಾಡಿದಾಗ ಎಷ್ಟು ಗಂಟೆಗೆ, ಎಷ್ಟು ಮಿಲಿಲೀಟರ್ ಎಂದು ಬರೆಯಿರಿ. ಕುಡಿದದ್ದನ್ನೂ ಬರೆಯಿರಿ. ಮಲಗಿದ್ದು, ಎದ್ದದ್ದು ಎಷ್ಟು ಗಂಟೆಗೆ ಎಂಬುದೂ ಇರಲಿ. ಇದು ಮೂತ್ರದ ದಿನಚರಿ. ಡಾಕ್ಟರ ಎದುರು ಕುಳಿತು "ತುಂಬಾ ಸಲ ಹೋಗ್ತದೆ ಡಾಕ್ಟ್ರೇ" ಎನ್ನುವುದಕ್ಕೂ ಈ ಒಂದು ಹಾಳೆಯನ್ನು ಮುಂದಿಡುವುದಕ್ಕೂ ಅಜಗಜಾಂತರ.

ಇಬ್ಬರ ಹಾಳೆಗಳನ್ನು ಊಹಿಸಿಕೊಳ್ಳಿ. ಇಬ್ಬರೂ ರಾತ್ರಿ ಮೂರು ಸಲ ಏಳುವವರು. ಮೊದಲನೆಯವರು ಹತ್ತು ಗಂಟೆಗೆ ಮಲಗಿ 12.30ಕ್ಕೆ 350, 2.30ಕ್ಕೆ 300, 4.30ಕ್ಕೆ 350, ಬೆಳಿಗ್ಗೆ ಎದ್ದು 6.15ಕ್ಕೆ 300 ಮಿಲಿಲೀಟರ್ ಎಂದು ಬರೆದಿದ್ದಾರೆ. ರಾತ್ರಿಯದ್ದು ಒಟ್ಟು 1300, ಇಡೀ ದಿನದ್ದು 2400. ಎರಡನೆಯವರದ್ದು 80, 110, 70, ಬೆಳಿಗ್ಗೆ 120. ಮೊದಲನೆಯವರ ಮೂತ್ರಕೋಶ ಚೆನ್ನಾಗಿಯೇ ಹಿಡಿದಿಡುತ್ತಿದೆ, ಅವರ ದೇಹ ರಾತ್ರಿ ಹೊತ್ತು ಮೂತ್ರವನ್ನು ಅತಿಯಾಗಿ ತಯಾರಿಸುತ್ತಿದೆ. ದಿನದ ಮೂತ್ರದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ರಾತ್ರಿಯಲ್ಲಿ ಬಂದರೆ ಹಿರಿಯರಲ್ಲಿ ಅದನ್ನು ಅತಿ ಎಂದು ಪರಿಗಣಿಸುತ್ತಾರೆ, ಇವರದ್ದು ಅರ್ಧವನ್ನೂ ದಾಟಿದೆ. ಇವರಿಗೆ ಪ್ರಾಸ್ಟೇಟ್ ಮಾತ್ರೆ ಕೊಟ್ಟರೆ, ಆಪರೇಷನ್ ಮಾಡಿದರೂ, ರಾತ್ರಿ ಏಳುವುದು ನಿಲ್ಲುವುದಿಲ್ಲ. ಎರಡನೆಯವರ ಕಥೆ ಬೇರೆ: ಮೂತ್ರಕೋಶ ಅಷ್ಟಷ್ಟಕ್ಕೇ ಹಿಂಡುತ್ತಿದೆ, ಇಲ್ಲವೇ ಒಳಗೆ ತುಂಬಾ ಉಳಿಸಿಕೊಂಡು ಮೇಲಿನದ್ದನ್ನು ಮಾತ್ರ ಹೊರಹಾಕುತ್ತಿದೆ.

ರಾತ್ರಿ ಅತಿಯಾಗಿ ತಯಾರಾಗುವುದಕ್ಕೆ ಕಾರಣ ಕೆಲವೊಮ್ಮೆ ಊಟದ ತಟ್ಟೆಯಲ್ಲಿಯೇ ಇರುತ್ತದೆ. ನಮ್ಮಲ್ಲಿ ರಾತ್ರಿ ಕುಚ್ಚಲಕ್ಕಿ ಗಂಜಿ ಉಣ್ಣುವ ಮನೆಗಳು ಇನ್ನೂ ಎಷ್ಟೋ ಇವೆ. ಗಂಜಿ ಅರ್ಧಕ್ಕರ್ಧ ತಿಳಿ, ಅದರ ಮೇಲೊಂದು ಲೋಟ ಮಜ್ಜಿಗೆ, ಮಲಗುವಾಗ ಮಾತ್ರೆಗೆ ನೀರು. ಕುಡಿದದ್ದರ ಲೆಕ್ಕ ಕೇಳಿದರೆ ಗಂಜಿಯನ್ನು ಯಾರೂ ಹೇಳುವುದಿಲ್ಲ, ಅದು ಊಟದ ಲೆಕ್ಕಕ್ಕೆ ಹೋಗಿರುತ್ತದೆ. ಗಂಜಿ ಬಿಡಬೇಕೆಂದಲ್ಲ. ಮಧ್ಯಾಹ್ನಕ್ಕೆ ಬದಲಿಸಿ, ಇಲ್ಲವೇ ರಾತ್ರಿ ಏಳು ಗಂಟೆಗೆ ಉಂಡು ಮುಗಿಸಿ. ಉಪ್ಪಿನಕಾಯಿ, ಒಣಮೀನಿನ ಉಪ್ಪೂ ರಾತ್ರಿಯ ಮೂತ್ರವನ್ನು ಹೆಚ್ಚಿಸುತ್ತದೆ.

ಕಾಲಿನ ಬಾವು ಇನ್ನೊಂದು ಕಾರಣ. ಹಗಲಿಡೀ ಅಂಗಡಿಯಲ್ಲಿ ನಿಂತು ಇಲ್ಲವೇ ಕುಳಿತು ಕಾಲಲ್ಲಿ ನೀರು ತುಂಬಿಕೊಂಡರೆ, ಮಲಗಿದ ಮೇಲೆ ಆ ನೀರೆಲ್ಲ ರಕ್ತಕ್ಕೆ ಮರಳಿ ಮೂತ್ರವಾಗುತ್ತದೆ. ಸಂಜೆ ಒಂದು ಗಂಟೆ ಕಾಲು ಎತ್ತರಿಸಿಟ್ಟು ಮಲಗಿದರೆ ಆ ಮೂತ್ರ ನಿದ್ದೆಗೆ ಮೊದಲೇ ಹೋಗಿ ಮುಗಿಯುತ್ತದೆ. ರಕ್ತದೊತ್ತಡಕ್ಕೆ ಕೊಡುವ ಅಮ್ಲೋಡಿಪಿನ್‌ನಿಂದ ಕಾಲು ಬಾತುಕೊಳ್ಳುವುದುಂಟು. ಸಕ್ಕರೆ ಕಾಯಿಲೆಗೆ ಈಗ ಬಹಳ ಬರೆಯುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಸಕ್ಕರೆಯನ್ನು ಮೂತ್ರದ ಮೂಲಕವೇ ಹೊರಹಾಕುತ್ತವೆ, ಜೊತೆಗೆ ನೀರೂ ಹೋಗುತ್ತದೆ. ಇವನ್ನು ನೀವಾಗಿ ನಿಲ್ಲಿಸಬೇಡಿ. ಮೂತ್ರದ ಡಾಕ್ಟರ ಹತ್ತಿರ ಹೋಗುವಾಗ ಎಲ್ಲ ಮಾತ್ರೆಗಳ ಪಟ್ಟಿ ತೆಗೆದುಕೊಂಡು ಹೋಗಿ. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುವವರಿಗೂ ರಾತ್ರಿ ಮೂತ್ರ ಹೆಚ್ಚು, ಹೃದಯದ ತೊಂದರೆ ಇರುವವರಿಗೂ ಹಾಗೆಯೇ.

ರಾತ್ರಿ ಏಳುವುದನ್ನು ನಾನು ಇಷ್ಟು ಹಿಡಿದು ಹೇಳುತ್ತಿರುವುದಕ್ಕೆ ಕಾರಣವಿದೆ. ನಮ್ಮ ಹಳೆ ಮನೆಗಳಲ್ಲಿ ಶೌಚಾಲಯ ಈಗಲೂ ಅಂಗಳ ದಾಟಿದ ಮೇಲೆ. ಆಷಾಢದ ಮಳೆಗೆ ಅಂಗಳದ ಮುರಕಲ್ಲಿನ ಮೇಲೆ ಪಾಚಿ ಕಟ್ಟಿರುತ್ತದೆ, ಕರೆಂಟು ಇರುವುದಿಲ್ಲ, ನಿದ್ದೆಗಣ್ಣು, ಅವಸರ ಬೇರೆ. ಅಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರೆ ಹಿರಿಯರು ಮತ್ತೆ ಮೊದಲಿನಂತೆ ನಡೆದಾಡುವುದು ಕಷ್ಟ. ಮಳೆಗಾಲದಲ್ಲಿ ಬೆವರು ಕಡಿಮೆಯಾಗಿ ಮೂತ್ರವೂ ಹೆಚ್ಚು. ಮಂಚದ ಪಕ್ಕ ಒಂದು ಯೂರಿನಲ್ ಬಾಟಲಿ ಇಟ್ಟುಕೊಳ್ಳುವುದರಲ್ಲಿ ಯಾವ ಅವಮಾನವೂ ಇಲ್ಲ. ಅಪ್ಪನಿಗೆ ಮಕ್ಕಳೇ ತಂದುಕೊಟ್ಟರೆ ಇನ್ನೂ ಒಳ್ಳೆಯದು.

ಹಾಗೆಂದು ನೀರು ಕುಡಿಯುವುದನ್ನೇ ಬಿಡಬೇಡಿ. ಏಪ್ರಿಲ್-ಮೇ ಸೆಖೆಯಲ್ಲಿ ಬೆವರು ಸುರಿಯುತ್ತಿರುವಾಗ ಮೂತ್ರಕ್ಕೆ ಹೆದರಿ ದಿನಕ್ಕೆ ಮೂರೇ ಲೋಟ ಕುಡಿದರೆ ಮೂತ್ರ ಗಟ್ಟಿಯಾಗಿ ಮೂತ್ರಕೋಶವನ್ನು ಇನ್ನಷ್ಟು ಕೆರಳಿಸುತ್ತದೆ. ಸೋಂಕು, ಕಲ್ಲು, ಮಲಬದ್ಧತೆ ಹಿಂದೆಯೇ ಬರುತ್ತವೆ. ಮೂತ್ರ ತಿಳಿಹಳದಿ ಇರುವಷ್ಟು ನೀರು, ಬೊಂಡ (ಎಳನೀರು), ಮಜ್ಜಿಗೆ ಹಗಲಲ್ಲಿ ಕುಡಿಯಿರಿ, ಸಂಜೆಯಿಂದ ಕಡಿಮೆ ಮಾಡಿ. ಕಾಫಿ, ಚಹಾ, ಮದ್ಯ ಮೂತ್ರಕೋಶವನ್ನು ಕೆಣಕುತ್ತವೆ. ಸಂಜೆ ನಾಲ್ಕರ ಚಹಾ ಕೊನೆಯದಾಗಲಿ. ಕಿಡ್ನಿ ಅಥವಾ ಹೃದಯದ ಕಾಯಿಲೆಗೆ ನೀರಿನ ಮಿತಿ ಹೇಳಿದ್ದರೆ ಆ ಮಾತೇ ಅಂತಿಮ.

ಡಾಕ್ಟರ ಹತ್ತಿರ

ಅಮೆರಿಕದ ಮೂತ್ರರೋಗ ತಜ್ಞರ ಸಂಘ 1992ರಲ್ಲಿ ಏಳು ಪ್ರಶ್ನೆಗಳ ಒಂದು ಪಟ್ಟಿಯನ್ನು ಹೊರತಂದಿತು. ಈಗ ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ ಪ್ರಾಸ್ಟೇಟ್ ಅಂಕಪಟ್ಟಿ ಅದರಿಂದಲೇ ಬಂದದ್ದು. ಪ್ರತಿ ಪ್ರಶ್ನೆಗೆ 0ಯಿಂದ 5 ಅಂಕ, ಒಟ್ಟು 35. 7ರವರೆಗೆ ಸೌಮ್ಯ, 8ರಿಂದ 19 ಮಧ್ಯಮ, 20 ಮೇಲ್ಪಟ್ಟರೆ ತೀವ್ರ. ನನ್ನ ಮಟ್ಟಿಗೆ ಅದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಆ ಏಳರ ಆಚೆಗಿನ ಎಂಟನೆಯದು: ಈಗಿರುವ ಹಾಗೆಯೇ ಇನ್ನು ಮುಂದೆಯೂ ಇದ್ದರೆ ನಿಮಗೆ ಹೇಗನಿಸುತ್ತದೆ? ಒಬ್ಬರು ರಾತ್ರಿ ಎರಡು ಸಲ ಎದ್ದು ನೆಮ್ಮದಿಯಾಗಿ ಮತ್ತೆ ಮಲಗುತ್ತಾರೆ, ಅವರಿಗೆ ಮಾತ್ರೆ ಬೇಡ. ಅಷ್ಟೇ ಸಲ ಏಳುವ ಇನ್ನೊಬ್ಬರು ಬೆಳಿಗ್ಗೆ ಐದಕ್ಕೆ ಎದ್ದು ಬಸ್ಸು ಓಡಿಸಬೇಕು, ಅವರಿಗೆ ಚಿಕಿತ್ಸೆ ಬೇಕು.

ಪರೀಕ್ಷೆಗಳು ಹೆದರುವಂಥವಲ್ಲ. ಮೂತ್ರ ಪರೀಕ್ಷೆ, ಸಕ್ಕರೆ, ಕಿಡ್ನಿಯ ಕೆಲಸ ತಿಳಿಸುವ ಕ್ರಿಯಾಟಿನಿನ್, ಕೆಲವರಿಗೆ ಪಿಎಸ್‌ಎ, ಅಂದರೆ ಪ್ರಾಸ್ಟೇಟ್ ತಯಾರಿಸುವ ಒಂದು ಪ್ರೋಟೀನು ರಕ್ತದಲ್ಲಿ ಎಷ್ಟಿದೆ ಎಂಬ ಪರೀಕ್ಷೆ. ಗುದದ್ವಾರದ ಮೂಲಕ ಬೆರಳಿಟ್ಟು ಗ್ರಂಥಿಯನ್ನು ಮುಟ್ಟಿ ನೋಡುವುದು ಅರ್ಧ ನಿಮಿಷದ ಕೆಲಸ. ನಾಚಿಕೆಯಿಂದ ಬೇಡ ಎನ್ನಬೇಡಿ, ಗಟ್ಟಿಯಾದ ಗಂಟು ಇದ್ದರೆ ಬೆರಳಿಗೆ ಸಿಗುತ್ತದೆ. ಸ್ಕ್ಯಾನಿಂಗ್‌ನಲ್ಲಿ ಗ್ರಾಂಗಿಂತ ಮುಖ್ಯವಾಗಿ ನೋಡಬೇಕಾದ್ದು ಮೂತ್ರ ಮಾಡಿ ಬಂದ ಮೇಲೆ ಒಳಗೆ ಎಷ್ಟು ಉಳಿದಿದೆ ಎಂಬುದು. ರಿಪೋರ್ಟಿನಲ್ಲಿ ಆ ಸಾಲನ್ನು ಹುಡುಕಿ. ಯೂರೋಫ್ಲೋ ಎಂಬ ಪರೀಕ್ಷೆಯಲ್ಲಿ ಆಲಿಕೆ ಇಟ್ಟ ಯಂತ್ರದೊಳಗೆ ಮೂತ್ರ ಮಾಡಬೇಕು, ಸೆಕೆಂಡಿಗೆ ಎಷ್ಟು ಮಿಲಿಲೀಟರ್ ಎಂದು ಅದು ಗೆರೆ ಎಳೆದು ಕೊಡುತ್ತದೆ. ಗರಿಷ್ಠ ವೇಗ 10ಕ್ಕಿಂತ ಕಡಿಮೆ ಇದ್ದರೆ ದಾರಿ ಕಟ್ಟಿರುವ ಸಾಧ್ಯತೆ ಹೆಚ್ಚು. ಕನಿಷ್ಠ 150 ಮಿಲಿಲೀಟರ್ ಆದರೂ ಹೋಗದಿದ್ದರೆ ಆ ಗೆರೆಯನ್ನು ನಂಬುವಂತಿಲ್ಲ, ಹಾಗಾಗಿ ಹೊಟ್ಟೆ ತುಂಬಾ ನೀರು ಕುಡಿದು, ಸರಿಯಾಗಿ ಬರುವವರೆಗೆ ಕಾದೇ ಮಾಡಿ. ಮಣಿಪಾಲ, ದೇರಳಕಟ್ಟೆಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಮೂತ್ರರೋಗ ವಿಭಾಗಗಳಿವೆ, ಇದಕ್ಕಾಗಿ ಬೆಂಗಳೂರಿಗೆ ಓಡಬೇಕಾಗಿಲ್ಲ.

ಔಷಧಗಳಲ್ಲಿ ಮೊದಲು ಬರುವುದು ಟ್ಯಾಮ್ಸುಲೋಸಿನ್, ಅಲ್ಫುಜೋಸಿನ್, ಸಿಲೋಡೋಸಿನ್ ಗುಂಪು. ಇವು ಗ್ರಂಥಿಯನ್ನು ಕುಗ್ಗಿಸುವುದಿಲ್ಲ, ಬಿಗಿಯಾದ ಸ್ನಾಯುವನ್ನು ಸಡಿಲಿಸುತ್ತವೆ. ಕೆಲವೇ ದಿನಗಳಲ್ಲಿ ಧಾರೆ ಸುಧಾರಿಸುವುದು ಗೊತ್ತಾಗುತ್ತದೆ. ಎದ್ದು ನಿಂತಾಗ ತಲೆ ತಿರುಗಬಹುದು. ಸಂಭೋಗದ ಹೊತ್ತಿನಲ್ಲಿ ವೀರ್ಯ ಕಡಿಮೆಯಾಗಬಹುದು, ಇಲ್ಲವೇ ಬಾರದೇ ಇರಬಹುದು. ಇದು ಅಪಾಯವಲ್ಲ, ಆದರೆ ಮೊದಲೇ ಹೇಳದಿದ್ದರೆ ಗಾಬರಿಯಾಗುತ್ತದೆ. ಕಣ್ಣಿನ ಪೊರೆಯ ಆಪರೇಷನ್‌ಗೆ ಹೋಗುವವರು ಈ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಹಿಂದೆ ತೆಗೆದುಕೊಂಡಿದ್ದರೂ, ಕಣ್ಣಿನ ಡಾಕ್ಟರಿಗೆ ತಿಳಿಸಲೇಬೇಕು. ಆಪರೇಷನ್ ನಡುವೆ ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ಪರದೆ ಸಡಿಲಗೊಂಡು ತೊಡಕಾಗುತ್ತದೆಂದು 2005ರಲ್ಲೇ ಗೊತ್ತಾಗಿದೆ.

ಎರಡನೆಯ ಗುಂಪು ಫಿನಾಸ್ಟರೈಡ್, ಡುಟಾಸ್ಟರೈಡ್. ಇವುಗಳ ಹಿನ್ನೆಲೆ ಕುತೂಹಲದ್ದು. ಡೊಮಿನಿಕನ್ ಗಣರಾಜ್ಯದ ಹಳ್ಳಿಯೊಂದರ ಕೆಲವು ಕುಟುಂಬಗಳಲ್ಲಿ ಟೆಸ್ಟೋಸ್ಟೆರಾನ್ ಅನ್ನು ಡಿಎಚ್‌ಟಿ ಎಂಬ ತೀಕ್ಷ್ಣ ಹಾರ್ಮೋನಾಗಿ ಬದಲಿಸುವ ಕಿಣ್ವದ ಕೊರತೆ ಹುಟ್ಟಿನಿಂದಲೇ ಇತ್ತು. ಜೂಲಿಯನ್ ಇಂಪೆರಾಟೊ-ಮೆಕ್‌ಗಿನ್ಲಿ ಎಂಬ ವೈದ್ಯೆ 1974ರಲ್ಲಿ ಅವರ ಬಗ್ಗೆ ಬರೆದರು. ದೊಡ್ಡವರಾದ ಮೇಲೂ ಅವರ ಪ್ರಾಸ್ಟೇಟ್ ಚಿಕ್ಕದಾಗಿಯೇ ಉಳಿದಿತ್ತು. ಆ ಕಿಣ್ವವನ್ನೇ ತಡೆಯುವ ಫಿನಾಸ್ಟರೈಡ್‌ಗೆ 1992ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇದು ಗ್ರಂಥಿಯನ್ನು ನಾಲ್ಕನೇ ಒಂದು ಪಾಲಿನಷ್ಟು ಕುಗ್ಗಿಸಬಲ್ಲದು, ಆದರೆ ಗುಣ ಕಾಣಲು ಆರು ತಿಂಗಳು ಬೇಕು. ಒಂದು ತಿಂಗಳು ನುಂಗಿ ಪ್ರಯೋಜನ ಇಲ್ಲವೆಂದು ಬಿಡುವವರೇ ಹೆಚ್ಚು. ಗ್ರಂಥಿ ದೊಡ್ಡದಿದ್ದವರಿಗೆ ಮಾತ್ರ ಇದರ ಲಾಭ, ಗ್ರಾಂ ಲೆಕ್ಕ ಕೆಲಸಕ್ಕೆ ಬರುವುದು ಇಲ್ಲಿ. 2003ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಎರಡೂ ಬಗೆಯ ಮಾತ್ರೆ ಒಟ್ಟಿಗೆ ತೆಗೆದುಕೊಂಡವರಲ್ಲಿ ಕಾಯಿಲೆ ಮುಂದುವರಿಯುವ ಸಂಭವ ಔಷಧವೇ ಇಲ್ಲದ ಹುಸಿಮಾತ್ರೆ ತೆಗೆದುಕೊಂಡವರಿಗಿಂತ ಮೂರನೇ ಎರಡು ಪಾಲು ಕಡಿಮೆಯಾಗಿತ್ತು. ಕೆಲವರಲ್ಲಿ ಲೈಂಗಿಕ ಆಸಕ್ತಿ ಕುಗ್ಗಬಹುದು. ಪಿಎಸ್‌ಎ ಅರ್ಧಕ್ಕಿಳಿಯುತ್ತದೆ ಎಂಬುದು ನೆನಪಿರಲಿ. 2 ಎಂದು ಬಂದರೆ ಅದನ್ನು 4 ಎಂದು ಓದಬೇಕು. ಹೊಸ ಡಾಕ್ಟರಿಗೆ ಈ ಮಾತ್ರೆಯ ವಿಷಯ ಹೇಳದಿದ್ದರೆ ಕ್ಯಾನ್ಸರ್ ತಪ್ಪಿಹೋಗಬಹುದು.

ದಾರಿ ಸರಿಯಾದರೂ ಅವಸರ ಉಳಿದರೆ ಮೂತ್ರಕೋಶಕ್ಕೇ ಔಷಧ ಕೊಡಬೇಕು. ಸೊಲಿಫೆನಾಸಿನ್, ಟಾಲ್ಟೆರೊಡಿನ್‌ನಂಥವು ಅದರ ಹಿಂಡುವಿಕೆಯನ್ನು ತಗ್ಗಿಸುತ್ತವೆ. ಬಾಯಿ ಒಣಗುತ್ತದೆ, ಮಲಬದ್ಧತೆಯಾಗುತ್ತದೆ, ತೀರಾ ಹಿರಿಯರಿಗೆ ಮರೆವು, ಗೊಂದಲ ಬರಬಹುದು. ಮಿರಾಬೆಗ್ರಾನ್‌ಗೆ ಈ ತೊಂದರೆ ಕಡಿಮೆ, ರಕ್ತದೊತ್ತಡ ಮಾತ್ರ ನೋಡುತ್ತಿರಬೇಕು. ಒಳಗೆ ಮೂತ್ರ ಬಹಳ ಉಳಿಯುವವರಿಗೆ ಇವು ಹೊಂದುವುದಿಲ್ಲ, ಆ ಸ್ಕ್ಯಾನಿಂಗ್ ಸಾಲು ಮುಖ್ಯವಾಗುವುದು ಇದರಿಂದ. ಮಾತ್ರೆಯ ಜೊತೆಗೆ ಅಭ್ಯಾಸವೂ ಬೇಕು. ಅವಸರ ಬಂದಾಗ ಓಡದೆ ನಿಂತು, ಗುದದ ಸುತ್ತಲಿನ ಸ್ನಾಯುವನ್ನು ಬಿಗಿಹಿಡಿದು ಐದು ನಿಮಿಷ ತಡೆಯುವುದು. ಒಂದೆರಡು ವಾರ ಬಿಟ್ಟು ಹತ್ತು ನಿಮಿಷ. ವಾರಗಳು ಕಳೆದ ಹಾಗೆ ಎರಡು ಸಲದ ನಡುವಿನ ಅಂತರ ಹಿಗ್ಗುತ್ತದೆ. ದಿನಕ್ಕೊಂದು 5 ಮಿಲಿಗ್ರಾಂ ಟಡಾಲಫಿಲ್ ಕೂಡ ಕೆಲವರಿಗೆ ಕೊಡುತ್ತಾರೆ. ಎದೆನೋವಿಗೆ ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್‌ನಂಥ ಮಾತ್ರೆ ಬಳಸುವವರಿಗೆ ಅದು ಪ್ರಾಣಾಪಾಯ. ಆನ್‌ಲೈನ್‌ನಲ್ಲಿ ಮಾರುವ ಸಾ ಪಾಮೆಟೊ ಕ್ಯಾಪ್ಸೂಲಿಗೆ ದುಡ್ಡು ಸುರಿಯಬೇಡಿ. 2006ರ ಮತ್ತು 2011ರ ಅಧ್ಯಯನಗಳಲ್ಲಿ ಅದು ಹುಸಿಮಾತ್ರೆಗಿಂತ ಮೇಲೆಂದು ಕಂಡುಬರಲಿಲ್ಲ.

ಕಾಯದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳಿವೆ. ಮೂತ್ರದಲ್ಲಿ ರಕ್ತ, ಚಳಿಜ್ವರದ ಜೊತೆ ಉರಿಮೂತ್ರ, ಮತ್ತು ಮೂತ್ರ ಪೂರ್ತಿ ಕಟ್ಟಿಹೋಗುವುದು. ಮೂತ್ರ ಕಟ್ಟುವುದು ಎಷ್ಟೋ ಸಲ ಸಣ್ಣ ಕಾರಣಕ್ಕೆ. ಮಳೆಗಾಲದ ಶೀತಕ್ಕೆಂದು ಮೆಡಿಕಲ್‌ನಿಂದ ತಂದ ಮಾತ್ರೆಯಲ್ಲಿ ಫಿನೈಲ್‌ಎಫ್ರಿನ್, ಕ್ಲೋರ್‌ಫೆನಿರಮಿನ್ ಇರುತ್ತವೆ. ಮೊದಲನೆಯದು ಮೂತ್ರಕೋಶದ ಕತ್ತನ್ನು ಬಿಗಿಸುತ್ತದೆ, ಎರಡನೆಯದು ಹಿಂಡುವ ಬಲವನ್ನು ಕುಗ್ಗಿಸುತ್ತದೆ. ಪ್ರಾಸ್ಟೇಟ್ ತೊಂದರೆ ಇದೆ ಎಂದು ಅಂಗಡಿಯವರಿಗೆ ಹೇಳಿಯೇ ಶೀತದ ಮಾತ್ರೆ ಕೇಳಿ. ಕಟ್ಟಿದ ಮೇಲೆ ಬಾರ್ಲಿ ನೀರು ಕುಡಿಯುತ್ತಾ ಕೂರಬೇಡಿ, ಪೈಪ್ ಹಾಕಿದರೆ ಮಾತ್ರ ಬಿಡುಗಡೆ. ಇನ್ನೊಂದು ಲಕ್ಷಣ ಮೋಸದ್ದು, ನೋವೇ ಇರುವುದಿಲ್ಲ. ಹಿಂದೆಂದೂ ಇಲ್ಲದೆ ಹಿರಿಯರು ನಿದ್ದೆಯಲ್ಲಿ ಹಾಸಿಗೆ ಒದ್ದೆ ಮಾಡತೊಡಗಿದರೆ, ಮೂತ್ರಕೋಶ ತುಂಬಿ ಉಕ್ಕುತ್ತಿರಬಹುದು, ಕಿಡ್ನಿಗೆ ಪೆಟ್ಟು ಬೀಳುತ್ತಿರಬಹುದು. ಗದರಬೇಡಿ, ಮರುದಿನವೇ ಸ್ಕ್ಯಾನಿಂಗ್ ಮತ್ತು ಕ್ರಿಯಾಟಿನಿನ್ ಮಾಡಿಸಿ.

ಮತ್ತೆ ಮತ್ತೆ ಮೂತ್ರ ಕಟ್ಟುವವರಿಗೆ, ಕಿಡ್ನಿಗೆ ತೊಂದರೆಯಾದವರಿಗೆ, ಮೂತ್ರಕೋಶದಲ್ಲಿ ಕಲ್ಲು ಬೆಳೆದವರಿಗೆ, ಮಾತ್ರೆಯಿಂದ ಗುಣ ಕಾಣದವರಿಗೆ ಆಪರೇಷನ್ ಇದೆ. ಮೂತ್ರದ ದಾರಿಯಿಂದಲೇ ದುರ್ಬೀನು ಹಾಕಿ ಒಳಭಾಗವನ್ನು ಕೆರೆದು ತೆಗೆಯುವ ಟಿಯುಆರ್‌ಪಿ ಹಳೆಯದು, ನಂಬಿಕೆಯದು. ತುಂಬಾ ದೊಡ್ಡ ಗ್ರಂಥಿಗೆ ಹೋಲ್ಮಿಯಂ ಲೇಸರ್ ಈಗ ಹೆಚ್ಚಾಗಿದೆ. ಎರಡರಲ್ಲೂ ಹೊಟ್ಟೆ ಕೊಯ್ಯುವುದಿಲ್ಲ. ಆಮೇಲೆ ವೀರ್ಯ ಹೊರಬಾರದೆ ಮೂತ್ರಕೋಶಕ್ಕೆ ಹಿಂದೆ ಹೋಗುವುದು ಬಹುಪಾಲು ಮಂದಿಗೆ ಆಗುವಂಥದ್ದು. ಧಾರೆಯ ಸುಧಾರಣೆ ಪೈಪ್ ತೆಗೆದ ಕೂಡಲೇ ಕಾಣುತ್ತದೆ. ಅವಸರ, ರಾತ್ರಿ ಏಳುವುದು ಅಷ್ಟು ಬೇಗ ಹೋಗುವುದಿಲ್ಲ. ವರ್ಷಗಟ್ಟಲೆ ದುಡಿದು ಕೆರಳಿದ ಸ್ನಾಯು ಶಾಂತವಾಗಲು ತಿಂಗಳುಗಳು ಬೇಕು, ಒಂದಷ್ಟು ಮಂದಿಯಲ್ಲಿ ಅದು ಪೂರ್ತಿ ಶಾಂತವಾಗುವುದೂ ಇಲ್ಲ. ಹಾಗಾಗಿ ಸಹಿ ಹಾಕುವ ಮೊದಲು ಸರ್ಜನ್ ಹತ್ತಿರ ನಿಮ್ಮ ಮೂರು ದಿನದ ಹಾಳೆಯನ್ನು ಇಟ್ಟು, ಇದರಲ್ಲಿ ಯಾವುದು ಹೋಗುತ್ತದೆ, ಯಾವುದು ಉಳಿಯಬಹುದು ಎಂದು ಒಂದೊಂದಾಗಿ ಕೇಳಿ. ಮನೆಯವರೂ ಜೊತೆಗಿರಲಿ.